ಅಷ್ಟು ಸಿರಿವಂತರು ಒಂದು ಮಹಡಿಯನ್ನೂ ಯಾಕೆ ಕಟ್ಟಲಿಲ್ಲ?

ಬೀಜಿಂಗಿನ ಹಳೆಯ ಮನೆಗಳ ಫೋಟೊ ತೋರಿಸಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. "ದೊಡ್ಡ ಸಾಹುಕಾರರ ಮನೆ ಅಂತೀರಿ. ಬೀದಿಯಿಂದ ನೋಡಿದರೆ ಬೂದು ಗೋಡೆ, ಮೂಲೆಯಲ್ಲೊಂದು ಬಾಗಿಲು. ಮಹಡಿಯೂ ಇಲ್ಲ. ದುಡ್ಡೆಲ್ಲ ಎಲ್ಲಿಗೆ ಹೋಯಿತು?"

ಅಂಗಳಕ್ಕೆ ಹೋಯಿತು ಅನ್ನುವುದು ನನ್ನ ಉತ್ತರ.

ಆಗ ಚೀನಾ ಆಳುತ್ತಿದ್ದ ಮಿಂಗ್ ಅರಸರು 1393ರಲ್ಲಿ ಒಂದು ಕಟ್ಟಳೆ ಮಾಡಿದರು. ಸಾಮಾನ್ಯ ಪ್ರಜೆಯ ಮನೆ ಮೂರು ಅಂಕಣ (ಕಂಬಗಳ ನಡುವಿನ ಜಾಗ) ಮೀರಬಾರದು, ಬಣ್ಣದ ಅಲಂಕಾರ ಕೂಡದು. ನಮ್ಮ ಹಳ್ಳಿಗಳಲ್ಲಿ ಮೂರಂಕಣದ ಮನೆ ಅಂತಾರಲ್ಲ, ಅದೇ ಲೆಕ್ಕ. 1402ರಲ್ಲಿ ಇನ್ನೂ ಬಿಡಿಸಿ ಹೇಳಿದರು: ಶಕ್ತಿ ಇದ್ದವರು ಹತ್ತಿಪ್ಪತ್ತು ಕಟ್ಟಡ ಕಟ್ಟಿಕೊಳ್ಳಲಿ, ಆದರೆ ಒಂದೊಂದೂ ಮೂರಂಕಣದ ಒಳಗೇ ಇರಲಿ. ಹೀಗಾಗಿ ದುಡ್ಡಿದ್ದವರು ಒಂದೇ ಕಟ್ಟಡವನ್ನು ದೊಡ್ಡದು ಮಾಡಲಿಲ್ಲ, ಎತ್ತರಿಸಲೂ ಇಲ್ಲ; ಕಟ್ಟಡಗಳನ್ನು ಹೆಚ್ಚಿಸುತ್ತ ಮನೆಯನ್ನು ಹಿಂದಕ್ಕೆ ಬೆಳೆಸಿದರು. ನಡುವೆ ಅಂಗಳ, ಸುತ್ತ ನಾಲ್ಕು ಬಿಡಿ ಕಟ್ಟಡ. ಇದಕ್ಕೆ ಸಿಹೆಯುವಾನ್ ಅಂತ ಹೆಸರು. ಅದರ ಹಿಂದೆ ಇನ್ನೊಂದು ಅಂಗಳ, ಅದರ ಹಿಂದೆ ಮತ್ತೊಂದು.

ಒಳಗೆ ಹೋಗೋಣ ಬನ್ನಿ. ಬಾಗಿಲು ಇರುವುದು ಆಗ್ನೇಯ ಮೂಲೆಯಲ್ಲಿ. ಹೊಸಿಲು ದಾಟಿದರೆ ಎದುರಿಗೇ ಕೆತ್ತನೆಯ ಇಟ್ಟಿಗೆ ಗೋಡೆ. ಬೀದಿಯವರ ಕಣ್ಣು ಅಲ್ಲಿಗೇ ನಿಲ್ಲಬೇಕು. ಎಡಕ್ಕೆ ತಿರುಗಿದರೆ ಕಿರಿದಾದ ಮುಂದಿನ ಅಂಗಳ. ಅಲ್ಲಿನ ಕೋಣೆಗಳು ಉತ್ತರಕ್ಕೆ ಮುಖ ಮಾಡಿವೆ, ಬಿಸಿಲು ಬೀಳುವುದಿಲ್ಲ. ಆಳುಗಳು, ಬಂದುಹೋಗುವ ಅತಿಥಿಗಳು ಇರುತ್ತಿದ್ದದ್ದು ಇಲ್ಲಿ. ಪಾಯಿಖಾನೆ ನೈಋತ್ಯ ಮೂಲೆಗೆ.

ಮುಂದೆ ಎರಡನೆಯ ಬಾಗಿಲು. ಇಡೀ ಮನೆಯಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು. ಸೂರಿನಿಂದ ಎರಡು ಗಿಡ್ಡ ಕಂಬಗಳು ನೆಲ ಮುಟ್ಟದೆ ಇಳಿಬಿದ್ದಿರುತ್ತವೆ, ತುದಿಯಲ್ಲಿ ತಾವರೆ ಮೊಗ್ಗಿನ ಕೆತ್ತನೆ. ಬೀದಿಗೆ ತೋರಿಸದ ಅಂದವನ್ನೆಲ್ಲ ಇಲ್ಲಿ ತೋರಿಸಿದ್ದಾರೆ.

ಅದನ್ನು ದಾಟಿದರೆ ದೊಡ್ಡ ಅಂಗಳ, ದಾಳಿಂಬೆ ಗಿಡ, ಮೀನಿನ ತೊಟ್ಟಿ. ಇನ್ನು ಯಾವ ಕೋಣೆ ಯಾರದು ಅಂತ ಕೇಳಬೇಕಿಲ್ಲ. ಉತ್ತರ ದಿಕ್ಕಿನ ಕಟ್ಟಡ ಎಲ್ಲಕ್ಕಿಂತ ಎತ್ತರ. ಅದರ ಮುಖ ದಕ್ಷಿಣಕ್ಕೆ. ಚಳಿಗಾಲದ ಬಿಸಿಲು ನೇರ ಒಳಗೆ ಬರುತ್ತದೆ, ಉತ್ತರದ ಶೀತಗಾಳಿಯನ್ನು ಹಿಂದಿನ ಗೋಡೆ ತಡೆಯುತ್ತದೆ. ಅಲ್ಲಿ ಮನೆಯ ಹಿರಿಯರು. ಪೂರ್ವದ ಕಟ್ಟಡ ಹಿರಿಮಗನಿಗೆ, ಪಶ್ಚಿಮದ್ದು ಅವನ ತಮ್ಮನಿಗೆ. ಎಲ್ಲಕ್ಕಿಂತ ಹಿಂದಿನ ಸಾಲು ಮದುವೆಯಾಗದ ಹೆಣ್ಣುಮಕ್ಕಳಿಗೆ ಮತ್ತು ಸೇವಕಿಯರಿಗೆ. 'ದೊಡ್ಡ ಬಾಗಿಲಿಂದ ಹೊರಗಿಲ್ಲ, ಎರಡನೆಯ ಬಾಗಿಲು ದಾಟುವುದಿಲ್ಲ' ಅನ್ನುವುದು ಅಂಥ ಹುಡುಗಿಯರ ಬಗ್ಗೆ ಚೀನೀಯರು ಆಡುವ ಮಾತು. ಆ ತಾವರೆ ಮೊಗ್ಗು ನೋಡುವಾಗೆಲ್ಲ ನನಗೆ ಈ ಮಾತು ನೆನಪಾಗಿ ಸಂಕಟವಾಗುತ್ತದೆ. ಅಷ್ಟು ಚೆಂದದ ಬಾಗಿಲೇ ಅವರ ಲೋಕದ ಗಡಿಯಾಗಿತ್ತು.

ಎಲ್ಲ ಕಡೆ ಹೀಗೇ ಇತ್ತು ಅಂತಲ್ಲ. ಶಾನ್‌ಶಿ ಪ್ರಾಂತ್ಯದ ವರ್ತಕರಾದ ಚಿಯಾವೊ ಮನೆತನದವರ ವಾಡೆಯಲ್ಲಿ ಕೆಲವು ಕಟ್ಟಡಗಳಿಗೆ ಮಹಡಿಯೂ ಇದೆ. 18ನೇ ಶತಮಾನದಲ್ಲಿ ಶುರುವಾಗಿ ತಲೆಮಾರಿನಿಂದ ತಲೆಮಾರಿಗೆ ಬೆಳೆದ ಮನೆ ಅದು. ಅಲ್ಲಿಯೂ ಮೊದಲು ಹೇಳುವುದು ಅಂಗಳದ ಲೆಕ್ಕವನ್ನೇ: 6 ದೊಡ್ಡವು, 20 ಚಿಕ್ಕವು. ಆಮೇಲೆ 313 ಕೋಣೆ.

ಈಗ ಬೀಜಿಂಗಿಗೆ ಹೋದರೆ ಆ ಅಂಗಳಗಳನ್ನು ಹುಡುಕಬೇಕಾಗುತ್ತದೆ. 1949ರ ನಂತರ ಒಂದೊಂದು ಮನೆಯಲ್ಲಿ ಹಲವು ಸಂಸಾರಗಳು ಬಂದು ಸೇರಿದವು. 1976ರಲ್ಲಿ ತಾಂಗ್‌ಶಾನ್ ಭೂಕಂಪವಾದಾಗ ಜನ ಹೆದರಿ ಅಂಗಳದಲ್ಲೇ ಗುಡಿಸಲು ಹಾಕಿಕೊಂಡರು. ಎಷ್ಟೋ ಗುಡಿಸಲುಗಳನ್ನು ಆಮೇಲೆ ತೆಗೆಯಲೇ ಇಲ್ಲ, ಅವು ಅಡುಗೆಮನೆಯಾದವು, ಮಲಗುವ ಕೋಣೆಯಾದವು. ಅಂಥ ಮನೆಗಳಲ್ಲಿ ನಾಲ್ಕು ಕಟ್ಟಡಗಳೂ ನಿಂತಿವೆ. ನಡುವೆ ಉಳಿದಿರುವುದು ಒಬ್ಬರು ನಡೆಯುವಷ್ಟು ದಾರಿ.