ಐದು ವಾಟ್ ಅಂದ್ರೆ ಮೆತ್ತಗೆ ಅಂತಲ್ಲ

"ಮನೇಲಿ ಪ್ರಾಕ್ಟೀಸಿಗೂ ಆಗ್ಬೇಕು, ಗಿಗ್‌ಗೂ ಆಗ್ಬೇಕು. ಒಂದು ಚಿಕ್ಕ ಟ್ಯೂಬ್ ಆಂಪ್ ಹೇಳು." ಗಿಟಾರ್ ನುಡಿಸುವ ಗೆಳೆಯರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಟ್ಯೂಬ್ ಆಂಪ್ ಅಂದರೆ ಗಾಜಿನ ಟ್ಯೂಬ್‌ಗಳಿಂದ ಗಿಟಾರ್ ಸದ್ದನ್ನು ಜೋರು ಮಾಡುವ ಪೆಟ್ಟಿಗೆ, ಗಿಗ್ ಅಂದರೆ ಸ್ಟೇಜ್ ಕಾರ್ಯಕ್ರಮ. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಡ್ರಮ್ಮರ್ ಎಷ್ಟು ಜೋರಾಗಿ ಬಾರಿಸುತ್ತಾರೆ? ಬ್ಯಾಂಡ್ ಜೊತೆ ನುಡಿಸುವಾಗ ನಿಮಗೆ ಕ್ಲೀನ್, ಅಂದರೆ ತಿಳಿ ಸದ್ದು ಬೇಕಾ, ಒಡೆದ, ಅಂದರೆ ಗುರ್ ಅನ್ನುವ ಒರಟು ಸದ್ದು ಬೇಕಾ? ಇವೆರಡಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಆದರೆ ಎಲ್ಲರೂ ಶುರು ಮಾಡುವುದು ವಾಟ್‌ನಿಂದ. "ಐದು ವಾಟ್ ಸಾಕಲ್ವಾ? ಮನೆಗೆ ಹದಿನೈದು ಜಾಸ್ತಿ ಆಗಲ್ವಾ?"

ವಾಟ್ ಲೆಕ್ಕ ಕಿವಿಗೆ ಬೇರೆ ಥರ ಕೇಳಿಸುತ್ತದೆ. ಪವರ್ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಪವರ್ ಹತ್ತು ಪಟ್ಟಾಗಬೇಕು. ಹಾಗಾಗಿ 50 ವಾಟ್‌ನ ಆಂಪ್ 5 ವಾಟ್‌ನದಕ್ಕಿಂತ ಎರಡು ಪಟ್ಟು ಜೋರು, ಅಷ್ಟೇ. ಇದನ್ನೇ ಉಲ್ಟಾ ಮಾಡಿ ನೋಡಿ: 5 ವಾಟ್‌ನ ಆಂಪ್ 50 ವಾಟ್‌ನದರ ಅರ್ಧದಷ್ಟು ಜೋರು. ರಾತ್ರಿ ಹತ್ತು ಗಂಟೆಗೆ, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿರುವಾಗ, ಅದು ತುಂಬಾ ಜೋರು.

ಇನ್ನೊಂದು ವಿಷಯ ಸ್ಪೀಕರ್. ಇದರ ಬಗ್ಗೆ ಯಾಕೋ ಜನ ಮಾತೇ ಆಡುವುದಿಲ್ಲ. ಪ್ರತಿ ಸ್ಪೀಕರ್‌ಗೂ ಒಂದು ಸೆನ್ಸಿಟಿವಿಟಿ ಅಂಕಿ ಇರುತ್ತದೆ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಅನ್ನುವ ಲೆಕ್ಕ ಅದು. ಒಂದು ಸ್ಪೀಕರ್ 95, ಇನ್ನೊಂದು 100 ಅಂದುಕೊಳ್ಳಿ. 95ರ ಸ್ಪೀಕರ್‌ಗೆ 12 ವಾಟ್ ಕೊಟ್ಟರೆ ಸುಮಾರು 106 ಡೆಸಿಬಲ್ ಆಗುತ್ತದೆ. 100ರ ಸ್ಪೀಕರ್‌ಗೆ 5 ವಾಟ್ ಕೊಟ್ಟರೆ 107. ಚಿಕ್ಕ ಆಂಪೇ ಗೆದ್ದಿತು! ಆಂಪ್ ಮುಂದಿನ ಬೋರ್ಡಿನಲ್ಲಿ ಬರೆದ ವಾಟ್ ನೋಡಿ ತೀರ್ಮಾನ ಮಾಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಕೆಲವು ಆಂಪ್‌ಗಳಲ್ಲಿ 20 ವಾಟ್, 10 ವಾಟ್ ಅಂತ ಸ್ವಿಚ್ ಇರುತ್ತದೆ. ಅದನ್ನು ಒತ್ತಿದರೆ ಮನೆಯಲ್ಲಿ ಸದ್ದು ಮೆತ್ತಗಾಗುತ್ತದೆ ಅಂದುಕೊಳ್ಳುವವರು ಇದ್ದಾರೆ. ಕಡಿಮೆಯಾಗುವುದು ಅದೇ 3 ಡೆಸಿಬಲ್. ಸದ್ದು ಬೇಗ ಒಡೆಯಲಿ ಅನ್ನುವವರಿಗೆ ಆ ಸ್ವಿಚ್ ಒಳ್ಳೆಯದು. ಪಕ್ಕದ ಮನೆಯವರಿಗೆ ಅದರಿಂದ ಏನೂ ಉಪಯೋಗವಿಲ್ಲ.

ಈಗ ಡ್ರಮ್ಮರ್ ಕಡೆ ಬರೋಣ. ನಮ್ಮ ಡ್ರಮ್ಮರ್ ಸ್ನೇರ್ ಡ್ರಮ್ ಮೇಲೆ ಗಟ್ಟಿಯಾಗಿ ಒಂದು ಏಟು ಹೊಡೆದರೆ ಅದು 100 ಡೆಸಿಬಲ್ ಸುಲಭವಾಗಿ ದಾಟುತ್ತದೆ. ಅದರ ಮಧ್ಯೆ ನನ್ನ ಟೆಲಿಕ್ಯಾಸ್ಟರ್ ಗಿಟಾರ್‌ನ ತೆರೆದ ಕಾರ್ಡ್‌ಗಳು (ಒಟ್ಟಿಗೆ ಮೀಟುವ ಸ್ವರಗಳು) ಕೇಳಬೇಕು, ಅದೂ ಕ್ಲೀನ್ ಆಗಿ. ನಾನು ನುಡಿಸುವುದು ರಿದಮ್ ಗಿಟಾರ್. ಒಡೆದ ಸದ್ದಿನಲ್ಲಿ ನನ್ನ ಕಾರ್ಡ್‌ಗಳು ಕಲಸಿಹೋಗುತ್ತವೆ. ಕ್ಲೀನ್ ಸದ್ದಿಗೆ ಬೇಕಾದದ್ದು ಹೆಡ್‌ರೂಮ್, ಅಂದರೆ ಆಂಪ್ ಒಡೆಯುವ ಮುಂಚೆ ಇರುವ ಜಾಗ. ಐದು ವಾಟ್‌ನ ಸಿಂಗಲ್ ಎಂಡೆಡ್ ಆಂಪ್‌ನಲ್ಲಿ, ಅಂದರೆ ಸ್ಪೀಕರ್ ಓಡಿಸಲು ಒಂದೇ ಪವರ್ ಟ್ಯೂಬ್ ಇರುವುದರಲ್ಲಿ, ಆ ಜಾಗ ಬಹಳ ಕಡಿಮೆ. ಡ್ರಮ್ಸ್ ಮಟ್ಟಕ್ಕೆ ಏರಿಸುವ ಹೊತ್ತಿಗೆ ಅದು ಗುರ್ ಅನ್ನಲು ಶುರು ಮಾಡಿರುತ್ತದೆ. ಬ್ಲೂಸ್ ಲೀಡ್ ನುಡಿಸುವವರಿಗೆ ಅದೇ ಸ್ವರ್ಗ. ನನ್ನಂಥವರಿಗೆ ಅಲ್ಲ.

ಹೀಗಾಗಿ ನಾನು ನಿಂತದ್ದು 12ರಿಂದ 15 ವಾಟ್‌ನ ಹತ್ತಿರ, ಎರಡು ಪವರ್ ಟ್ಯೂಬ್ ಇರುವ ಆಂಪ್‌ಗಳಲ್ಲಿ. ಒಂದೇ ಆಂಪ್ ಇಟ್ಟುಕೊಳ್ಳುವುದಾದರೆ ಗಿಗ್ ನೋಡಿ ಆರಿಸಿ, ಪ್ರಾಕ್ಟೀಸ್‌ಗೆ ಬೇರೆ ದಾರಿ ಹುಡುಕಿ ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ. ಮನೆಯಲ್ಲಿ ಸದ್ದು ಇಳಿಸಲು ಹತ್ತು ದಾರಿ ಇವೆ. ಸ್ಟೇಜ್ ಮೇಲೆ ಇಲ್ಲದ ಹೆಡ್‌ರೂಮ್ ಎಲ್ಲಿಂದ ತರುತ್ತೀರಿ?

ಚಿಕ್ಕ ಆಂಪ್‌ಗಳ ಹಿರಿಯಣ್ಣ ಫೆಂಡರ್ ಚಾಂಪ್. ಗಿಟಾರ್ ಸಿಗ್ನಲನ್ನು ಮೊದಲು ಹಿಗ್ಗಿಸುವ ಒಂದು 12ಎಎಕ್ಸ್7 ಪ್ರಿಆಂಪ್ ಟ್ಯೂಬ್, ಒಂದು 6ವಿ6 ಪವರ್ ಟ್ಯೂಬ್, ಕರೆಂಟನ್ನು ಡಿಸಿ ಮಾಡುವ ಒಂದು ರೆಕ್ಟಿಫೈಯರ್ ಟ್ಯೂಬ್, 8 ಇಂಚಿನ ಸ್ಪೀಕರ್. ಐವತ್ತರ ದಶಕದ ಆ ಟ್ವೀಡ್ (ಬಟ್ಟೆ ಹೊದಿಸಿದ) ಮಾದರಿಯಲ್ಲಿ ಇದ್ದದ್ದು ವಾಲ್ಯೂಮ್ ನಾಬ್ ಮಾತ್ರ, ಟೋನ್ ನಾಬ್ ಕೂಡ ಇಲ್ಲ. ರೆಕಾರ್ಡಿಂಗ್‌ಗೆ ಅದ್ಭುತ. ಬ್ಯಾಂಡ್ ಜೊತೆಗೆ ಮೈಕ್ ಇಲ್ಲದೆ ಕಷ್ಟ.

ಪ್ರಿನ್ಸ್‌ಟನ್ ರಿವರ್ಬ್ ಬಂದದ್ದು 1964ರಲ್ಲಿ. ಎರಡು 6ವಿ6, ಸುಮಾರು 12 ವಾಟ್, 10 ಇಂಚಿನ ಸ್ಪೀಕರ್, ಜೊತೆಗೆ ಸ್ಪ್ರಿಂಗ್ ರಿವರ್ಬ್ (ಪ್ರತಿಧ್ವನಿಯ ಗುಣ) ಮತ್ತು ಟ್ರೆಮೊಲೊ (ಸದ್ದಿನ ಅಲೆಯಂಥ ಏರಿಳಿತ). ನಡು ಸ್ವರಗಳ ಮಿಡ್ಲ್ ನಾಬೂ ಇಲ್ಲ, ಹೊರಗಿನ ಒಟ್ಟು ಸದ್ದು ಇಳಿಸುವ ಮಾಸ್ಟರ್ ವಾಲ್ಯೂಮೂ ಇಲ್ಲ. ನಾನು ನುಡಿಸುವುದು ಇದರಲ್ಲೇ. 1995ರಲ್ಲಿ ಬಂದ ಬ್ಲೂಸ್ ಜೂನಿಯರ್‌ನಲ್ಲಿ ಎರಡು ಇಎಲ್84 ಪವರ್ ಟ್ಯೂಬ್, 15 ವಾಟ್, 12 ಇಂಚಿನ ಸ್ಪೀಕರ್. ಮಾಸ್ಟರ್ ಇದೆ, ಮಿಡ್ಲ್ ಇದೆ, ಎಫೆಕ್ಟ್ಸ್ ಲೂಪ್ (ಪ್ರಿಆಂಪ್ ಆದ ಮೇಲೆ ಪೆಡಲ್ ಸಿಗಿಸುವ ಜಾಗ) ಇಲ್ಲ. ತೂಕ ಸುಮಾರು 14 ಕಿಲೋ, ಒಂದು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಬಹುದು. ವಾಕ್ಸ್ ಎಸಿ15 ಶುರುವಾದದ್ದು 1958ರಲ್ಲಿ. ಅದರಲ್ಲೂ ಎರಡು ಇಎಲ್84, ಆದರೆ ಗುಣವೇ ಬೇರೆ. ಮೇಲಿನ ಸ್ವರಗಳು ಗಂಟೆ ಬಾರಿಸಿದ ಹಾಗೆ ಮಿನುಗುತ್ತವೆ. ಈಗಿನ ಎಸಿ15 ಕಸ್ಟಮ್ ಇಪ್ಪತ್ತು ಕಿಲೋ ದಾಟುತ್ತದೆ, ಎತ್ತುವ ಮುಂಚೆ ಬೆನ್ನನ್ನು ಒಂದು ಮಾತು ಕೇಳಿ. ಒಡೆದ ಸದ್ದೇ ಬೇಕು, ಎರಡು ಚಾನಲ್ (ಕ್ಲೀನ್‌ಗೊಂದು, ಒಡೆದ ಸದ್ದಿಗೊಂದು) ಬೇಕು, ಲೂಪ್ ಬೇಕು ಅನ್ನುವವರಿಗೆ ಮಾರ್ಷಲ್ ಡಿಎಸ್‌ಎಲ್20 ಇದೆ. ಎರಡು ಇಎಲ್34 ಪವರ್ ಟ್ಯೂಬ್, ಆ 20/10 ವಾಟ್ ಸ್ವಿಚ್ಚೂ ಇದೆ.

ಎಫೆಕ್ಟ್ಸ್ ಲೂಪ್ ಬೇಕೋ ಬೇಡವೋ ಅಂತ ತುಂಬಾ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಡಿಸ್ಟಾರ್ಷನ್, ಅಂದರೆ ಒಡೆದ ಸದ್ದು, ಆಂಪ್‌ನ ಪ್ರಿಆಂಪ್‌ನಿಂದಲೇ ಬರುತ್ತಿದ್ದು, ಅದರ ನಂತರ ಡಿಲೇ (ಸದ್ದನ್ನು ತಡವಾಗಿ ಮರುಕಳಿಸುವ ಪೆಡಲ್) ಹಾಕಬೇಕಿದ್ದರೆ ಲೂಪ್ ಬೇಕು. ಡಿಸ್ಟಾರ್ಷನ್ ಪೆಡಲ್‌ನಿಂದ ಬರುತ್ತಿದ್ದು ಆಂಪ್ ಕ್ಲೀನ್ ಇದ್ದರೆ ಲೂಪ್ ಬೇಕಾಗಿಲ್ಲ.

ಪೆಟ್ಟಿಗೆ ಮೇಲೆ "ಕ್ಲಾಸ್ ಎ" (ಟ್ಯೂಬ್ ಯಾವಾಗಲೂ ಕೆಲಸ ಮಾಡುತ್ತಲೇ ಇರುವ ಬಗೆ) ಅಂತ ದೊಡ್ಡದಾಗಿ ಬರೆದಿದ್ದರೆ ಅದನ್ನೂ ಸುಮ್ನೆ ದಾಟಿ ಹೋಗಿ. ಹಾಗೆ ಕರೆಸಿಕೊಳ್ಳುವ ಎರಡು ಟ್ಯೂಬ್, ನಾಲ್ಕು ಟ್ಯೂಬ್ ಆಂಪ್‌ಗಳಲ್ಲಿ ಹೆಚ್ಚಿನವು ಕ್ಯಾಥೋಡ್ ಬಯಾಸ್ ಇರುವ (ಟ್ಯೂಬ್ ತನ್ನ ಕರೆಂಟನ್ನು ತಾನೇ ಹೊಂದಿಸಿಕೊಳ್ಳುವ) ಕ್ಲಾಸ್ ಎಬಿ, ಅಂದರೆ ಟ್ಯೂಬ್‌ಗಳು ಸರದಿಯಲ್ಲಿ ಸ್ವಲ್ಪ ವಿಶ್ರಮಿಸುವ ಬಗೆ. ಕಿವಿಗೆ ಹಿಡಿಸಿದರೆ ಸಾಕು, ಅಕ್ಷರ ಯಾವುದಾದರೇನು?

ಆಂಪ್ ನೋಡಲು ಹೋದಾಗ ನಾನು ನನ್ನ ಗಿಟಾರ್, ನನ್ನ ಕೇಬಲ್ ಎರಡನ್ನೂ ತೆಗೆದುಕೊಂಡೇ ಹೋಗುತ್ತೇನೆ. ಮೊದಲು ಟ್ಯೂಬ್ ಬಿಸಿಯಾಗಲು ಬಿಡುತ್ತೇನೆ. ಆಮೇಲೆ ಗಿಟಾರ್ ವಾಲ್ಯೂಮ್ ಪೂರ್ತಿ ಇಳಿಸಿ, ಆಂಪ್ ವಾಲ್ಯೂಮ್ ಏರಿಸಿ, ಬರೀ ಹಮ್ ಕೇಳುತ್ತೇನೆ. ಸ್ವಲ್ಪ ಸುಯ್ ಅನ್ನುವುದು ಸಹಜ. ಗುಂಯ್ ಅಂತ ದಪ್ಪ ಸದ್ದು ಬಂದರೆ ಫಿಲ್ಟರ್ ಕೆಪಾಸಿಟರ್ (ಕರೆಂಟಿನ ಏರಿಳಿತ ಸಮ ಮಾಡುವ ಭಾಗ) ಕಡೆ ಅನುಮಾನ ಬರುತ್ತದೆ, ಅದರಲ್ಲೂ ಹಳೆ ಆಂಪ್ ಆಗಿದ್ದರೆ. ನಂತರ ಒಂದು ಪೆನ್ಸಿಲ್ ತೆಗೆದು, ಅದರ ರಬ್ಬರ್ ತುದಿಯಿಂದ ಪ್ರಿಆಂಪ್ ಟ್ಯೂಬ್‌ಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟುತ್ತೇನೆ. ಸಣ್ಣಗೆ ಟಕ್ ಅಂದರೆ ಪರವಾಗಿಲ್ಲ. ಟಿಂಗ್ ಅಂತ ಗುಯ್‌ಗುಟ್ಟಿ ನಿಲ್ಲದಿದ್ದರೆ ಆ ಟ್ಯೂಬ್ ಮೈಕ್ರೋಫೋನಿಕ್ ಆಗಿದೆ, ಅಂದರೆ ಮೈಕ್ ಥರ ಅಲುಗಾಟವನ್ನೇ ಹಿಡಿಯುತ್ತಿದೆ, ಬದಲಾಯಿಸಬೇಕು. ಪವರ್ ಟ್ಯೂಬ್‌ನ ಗಾಜಿಗೆ ತಾಗಿದಂತೆ ತಿಳಿ ನೀಲಿ ಬೆಳಕು ಕಂಡರೆ ಹೆದರಬೇಡಿ. ಒಳಗಿನ ಲೋಹದ ಪ್ಲೇಟ್ ಕೆಂಪಗೆ ಕಾದಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ.

ಇಷ್ಟಾದ ಮೇಲೆ ನುಡಿಸುವುದು. ಆಂಪ್ ಕ್ಲೀನ್‌ನಿಂದ ಒಡೆಯುವ ಅಂಚಿಗೆ ಬರುವ ತನಕ ವಾಲ್ಯೂಮ್ ಏರಿಸಿ ಅಲ್ಲೇ ನಿಲ್ಲಿಸುತ್ತೇನೆ. ಮೆಲ್ಲಗೆ ಮೀಟಿದರೆ ಸದ್ದು ತಿಳಿಯಾಗಿರಬೇಕು, ಜೋರಾಗಿ ಮೀಟಿದರೆ ಅಂಚು ಒರಟಾಗಬೇಕು, ಗಿಟಾರ್ ವಾಲ್ಯೂಮ್ 10ರಿಂದ 7ಕ್ಕೆ ಇಳಿಸಿದರೆ ಮತ್ತೆ ತಿಳಿಯಾಗಬೇಕು. ಕೈ ಹೇಳಿದ ಮಾತನ್ನು ಆಂಪ್ ಕೇಳದಿದ್ದರೆ ಟ್ಯೂಬ್ ಆಂಪ್ ಇಟ್ಟುಕೊಂಡು ಏನು ಪ್ರಯೋಜನ? ತೂಕ, ಶಾಖ, ಖರ್ಚು ಎಲ್ಲ ಸಹಿಸುವುದು ಈ ಒಂದಕ್ಕಾಗಿ. ಕೊನೆಗೆ ಆಂಪ್ ಹಿಂಬದಿಯ ಲೇಬಲ್ ನೋಡುತ್ತೇನೆ. ಬೇರೆ ದೇಶದಿಂದ ಬಂದ ಆಂಪ್ 120 ವೋಲ್ಟ್‌ನದಾಗಿದ್ದು, ನಿಮ್ಮ ಕಡೆ ಕರೆಂಟ್ 230 ಇದ್ದರೆ ನೇರ ಸಿಗಿಸುವ ಹಾಗಿಲ್ಲ.

ಇನ್ನು ಮನೆ. ವಾಲ್ಯೂಮ್ ನಾಬ್ 1ರ ಹತ್ತಿರ ಹಳೆ ನಲ್ಲಿಯ ಥರ ಆಡುತ್ತದೆ: ಇಷ್ಟು ತಿರುಗಿಸಿದರೆ ತೊಟ್ಟೂ ಇಲ್ಲ, ಇನ್ನೊಂಚೂರು ತಿರುಗಿಸಿದರೆ ಧೋ ಅಂತ ಸುರಿಯುತ್ತದೆ. ಮಾಸ್ಟರ್ ವಾಲ್ಯೂಮ್ ಇದ್ದರೆ ಪ್ರಿಆಂಪ್ ಒಡೆಸಿ ಹೊರಗಿನ ಸದ್ದು ಇಳಿಸಬಹುದು. ಆದರೆ ಪವರ್ ಟ್ಯೂಬ್ ಒಡೆಯುವಾಗ ಬರುವ ಆ ದಪ್ಪ ಅದರಲ್ಲಿ ಬರುವುದಿಲ್ಲ. ಅದೂ ಬೇಕು ಅಂದರೆ ಅಟೆನ್ಯುಯೇಟರ್. ಆಂಪ್‌ಗೂ ಸ್ಪೀಕರ್‌ಗೂ ಮಧ್ಯೆ ಕೂತು ಹೆಚ್ಚಿನ ಪವರನ್ನು ಶಾಖ ಮಾಡಿ ಕಳೆಯುವ ಪೆಟ್ಟಿಗೆ ಅದು. ಓಮ್ಸ್ (ಕರೆಂಟಿಗೆ ಇರುವ ತಡೆಯ ಅಳತೆ) ಹೊಂದಿಕೆಯಾಗಬೇಕು: ಆಂಪ್ 8 ಅಂದರೆ ಅದೂ 8. ಟ್ಯೂಬ್‌ಗಳು ಮಾತ್ರ ಪೂರ್ತಿ ದುಡಿಯುತ್ತಲೇ ಇರುತ್ತವೆ, ಬೇಗ ಸವೆಯುತ್ತವೆ. ಸ್ಪೀಕರನ್ನೇ ಬಿಚ್ಚಿಟ್ಟು ಟ್ಯೂಬ್ ಆಂಪ್ ನುಡಿಸುವ ಯೋಚನೆ ಮಾತ್ರ ಬೇಡ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ (ಟ್ಯೂಬ್‌ನಿಂದ ಸ್ಪೀಕರ್‌ಗೆ ಪವರ್ ದಾಟಿಸುವ ಭಾಗ) ಸುಟ್ಟುಹೋಗಬಹುದು. ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ, ಅಲ್ಲಿ ಕೈ ಹಾಕುವುದು ತಿಳಿದವರ ಕೆಲಸ.

ನಾನು ಅಟೆನ್ಯುಯೇಟರ್ ಇಟ್ಟುಕೊಂಡಿಲ್ಲ. ಮನೆಯಲ್ಲಿ ವಾಲ್ಯೂಮ್ 2ರಲ್ಲಿ ಕ್ಲೀನ್ ಆಗಿ ನುಡಿಸುತ್ತೇನೆ, ಒಡೆದ ಸದ್ದು ಬೇಕಾದಾಗ ಓವರ್‌ಡ್ರೈವ್ ಪೆಡಲ್ ಒತ್ತುತ್ತೇನೆ. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ಬಾಸ್ ಮತ್ತು ಟ್ರೆಬಲ್ ಕಡಿಮೆ ಕೇಳುತ್ತವೆ. ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಹಾಗಾಗಿ ಮನೆಯಲ್ಲಿ ಬಾಸ್ ಸ್ವಲ್ಪ ಏರಿಸುತ್ತೇನೆ, ಗಿಗ್‌ನಲ್ಲಿ ಮತ್ತೆ ಇಳಿಸುತ್ತೇನೆ. ಇಳಿಸದಿದ್ದರೆ 10 ಇಂಚಿನ ಸ್ಪೀಕರ್ ಬುಸ್‌ಬುಸ್ ಅನ್ನುತ್ತದೆ, ಬಾಸ್ ಗಿಟಾರ್‌ನವರ ಜಾಗಕ್ಕೂ ನುಗ್ಗಿದ ಹಾಗಾಗುತ್ತದೆ.

ಗಿಗ್‌ನಲ್ಲಿ ವಾಲ್ಯೂಮ್ 4. ಆಂಪನ್ನು ಒಂದು ಕುರ್ಚಿಯ ಮೇಲಿಟ್ಟು ಹಿಂದಕ್ಕೆ ಓರೆ ಮಾಡುತ್ತೇನೆ. ನೆಲದ ಮೇಲಿಟ್ಟರೆ ಸದ್ದು ಮೊಣಕಾಲಿಗೆ ಕೇಳುತ್ತದೆಯೇ ಹೊರತು ಕಿವಿಗಲ್ಲ, ಆಗ ನಾವು ಸುಮ್ನೆ ಏರಿಸುತ್ತಾ ಹೋಗುತ್ತೇವೆ. ಜಾಗ ದೊಡ್ಡದಾಗಿದ್ದರೆ ಮುಂದೆ ಒಂದು ಶೂರ್ ಎಸ್‌ಎಂ57 ಮೈಕ್. ಸ್ಪೀಕರ್ ಕೋನ್‌ನ ನಟ್ಟನಡುವೆ ಗುರಿಯಿಟ್ಟರೆ ಸದ್ದು ಚುಚ್ಚುತ್ತದೆ, ಅಂಚಿಗೆ ಇಟ್ಟರೆ ಮಂಕಾಗುತ್ತದೆ. ನನ್ನ ಟೆಲಿಗೆ ಹಿಡಿಸುವುದು ನಡುವಿನಿಂದ ಎರಡು ಬೆರಳು ಆಚೆ. ಮೈಕ್ ಬಂದ ಮೇಲೆ ಸಭೆಗೆ ಸದ್ದು ಮುಟ್ಟಿಸುವುದು ಪಿಎ (ಸಭೆಯ ದೊಡ್ಡ ಸ್ಪೀಕರ್ ವ್ಯವಸ್ಥೆ) ಕೆಲಸ. ಆಮೇಲೆ ಆಂಪ್ ನನಗೂ ಡ್ರಮ್ಮರ್‌ಗೂ ಕೇಳಿದರೆ ಆಯಿತು, ಅಷ್ಟಕ್ಕೆ 12 ವಾಟ್ ಧಾರಾಳ.