ವುಡ್‌ವರ್ಡ್ ರಸ್ತೆಯ ಕೊಂಬಿನ ಕಾರುಗಳು

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ನಯಾಗರದ ಫೋಟೊ ತೋರಿಸುತ್ತಾರೆ. ನಾನೂ ನೋಡಿದೆ. ನೀರು ಜಾಸ್ತಿ, ಜೋಗದ ಎತ್ತರ ಇಲ್ಲ. ಶಿವಮೊಗ್ಗದವನ ಬಾಯಲ್ಲಿ ಇನ್ನೇನು ಬಂದೀತು ಬಿಡಿ. ಶಿಕಾಗೋದಲ್ಲಿ ಮೂರು ದಿನ ಇದ್ದೆವು, ಮೂರೂ ದಿನ ಮಳೆ. ಎರಡು ತಿಂಗಳ ಓಡಾಟದಲ್ಲಿ ಬರೆದಿಡಬೇಕು ಅನ್ನಿಸಿದ್ದು ಒಂದೇ ಒಂದು ಶನಿವಾರದ ಬಗ್ಗೆ.

ಮಗಳು, ಅಳಿಯ ಇರುವುದು ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ. ಆಗಸ್ಟ್ ತಿಂಗಳು. "ಮಾವ, ಶನಿವಾರ ವುಡ್‌ವರ್ಡ್‌ಗೆ ಹೋಗೋಣ. ಹಳೇ ಕಾರುಗಳೆಲ್ಲ ರಸ್ತೆಗೆ ಬರ್ತವೆ, ನಿಮಗೆ ಇಷ್ಟ ಆಗುತ್ತೆ" ಅಂದರು ಅಳಿಯ. ಮೈದಾನದಲ್ಲಿ ಹಗ್ಗ ಕಟ್ಟಿ, 'ಮುಟ್ಟಬೇಡಿ' ಅಂತ ಬೋರ್ಡ್ ಹಾಕಿ ನಿಲ್ಲಿಸಿರುತ್ತಾರೆ ಅಂದುಕೊಂಡು ಹೊರಟೆ.

ಹಗ್ಗವೂ ಇಲ್ಲ, ಬೋರ್ಡೂ ಇಲ್ಲ. ಅದೊಂದು ತೇರು. ವುಡ್‌ವರ್ಡ್ ಅನ್ನುವುದು ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ಕಡೆಗೆ ಹೋಗುವ ದೊಡ್ಡ ರಸ್ತೆ. ಇದರದೇ ಒಂದು ಮೈಲಿ ಉದ್ದಕ್ಕೆ 1909ರಲ್ಲಿ ಕಾಂಕ್ರೀಟ್ ಹಾಕಿದ್ದು ದೇಶಕ್ಕೇ ಮೊದಲಂತೆ. ಐವತ್ತು, ಅರವತ್ತರ ದಶಕದಲ್ಲಿ ಊರಿನ ಹುಡುಗರು ಸಂಜೆಯಾದರೆ ಇಲ್ಲಿ ಕಾರು ತಂದು ಸುಮ್ನೆ ಮೇಲೆ ಕೆಳಗೆ ಓಡಾಡುತ್ತಿದ್ದರು. ಆ ನೆನಪಿಗೆ 1995ರಲ್ಲಿ ಫರ್ನ್‌ಡೇಲ್ ಊರಿನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲು ಒಂದು ದಿನದ ಮೆರವಣಿಗೆ ಇಟ್ಟರು. ಆಮೇಲೆ ಪ್ರತಿ ವರ್ಷ ಆಗಸ್ಟಿನ ಮೂರನೇ ಶನಿವಾರ ಅದೇ ಜಾತ್ರೆ. ಸುಮಾರು ಇಪ್ಪತ್ತೈದು ಕಿಲೋಮೀಟರ್ ಉದ್ದಕ್ಕೆ, ರಸ್ತೆಯ ಎರಡೂ ಬದಿ ಜನ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಕಾರುಗಳು ಎತ್ತಿನ ಗಾಡಿಯ ವೇಗದಲ್ಲಿ ಹೋಗುತ್ತಿರುತ್ತವೆ.

ಇಳಿದ ಕೂಡಲೇ ಮೂಗಿಗೆ ಹೊಡೆದದ್ದು ವಾಸನೆ. ಅರ್ಧಂಬರ್ಧ ಸುಟ್ಟ ಪೆಟ್ರೋಲಿನ ವಾಸನೆ. ಮಗಳು ಮೂಗು ಮುಚ್ಚಿಕೊಂಡಳು. ನಾನು ಉಸಿರು ಎಳೆದುಕೊಂಡೆ. ಅದು ನಮ್ಮಪ್ಪನ ಅಂಗಿಯ ವಾಸನೆ.

ಅಪ್ಪ ಶಿವಮೊಗ್ಗದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. 1968ರ ಫಿಯಟ್ 1100 ಡಿಲೈಟ್, ಕೆನೆ ಬಣ್ಣ, ಸೆಕೆಂಡ್ ಹ್ಯಾಂಡ್. ಆಮೇಲೆ ಅದೇ ಗಾಡಿ ಪದ್ಮಿನಿ ಅಂತ ಹೆಸರಾಯಿತಲ್ಲ, ಅದು. ಹಿಂದೆ ಡಿಕ್ಕಿಯ ಎರಡು ಪಕ್ಕ ಸಣ್ಣಗೆ ಎದ್ದ ಮೊನೆ ನಿಮಗೆ ನೆನಪಿರಬಹುದು. ಅಪ್ಪ ಅದಕ್ಕೆ 'ಕೊಂಬು' ಅನ್ನುತ್ತಿದ್ದರು. ಆಯುಧಪೂಜೆ ದಿನ ಬಾನೆಟ್ಟಿಗೆ ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಅದೆಲ್ಲ ಎಲ್ಲರೂ ಮಾಡುತ್ತಾರೆ. ಅಪ್ಪ ಆ ಎರಡು ಕೊಂಬಿಗೂ ಅರಿಶಿನ ಕುಂಕುಮ ಹಚ್ಚುತ್ತಿದ್ದರು, ಎತ್ತಿಗೆ ಹಚ್ಚಿದ ಹಾಗೆ. ಬೆಳಿಗ್ಗೆ ಬಕೆಟ್ ಹಿಡಿದು ಗಾಡಿ ತೊಳೆಯುವ ಕೆಲಸ ನನ್ನದು. ಆ ಕೊಂಬು ಅಲ್ಲಿ ಯಾಕಿದೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಅದಕ್ಕೆ ಉತ್ತರ, ಹದಿಮೂರನೇ ಮೈಲಿ ರಸ್ತೆಯ ಹತ್ತಿರ, ಎದುರಿಗೇ ಬಂತು. 1959ರ ಕ್ಯಾಡಿಲಾಕ್, ತಿಳಿ ಗುಲಾಬಿ ಬಣ್ಣ, ಟಾಪ್ ಇಳಿಸಿದ್ದರು. ಐದೂಮುಕ್ಕಾಲು ಮೀಟರ್ ಉದ್ದ. ಅಪ್ಪನ ಫಿಯಟ್ ನಾಲ್ಕು ಮೀಟರೂ ಇರಲಿಲ್ಲ. ಅದರ ಇಂಜಿನ್ 6.4 ಲೀಟರ್, ನಮ್ಮದು 1.1. ಆದರೆ ಅದು ಮುಂದಿನಿಂದ ಬರುವಾಗ ನನಗೇನೂ ಅನ್ನಿಸಲಿಲ್ಲ. ದಾಟಿ ಹೋದ ಮೇಲೆ ಹಿಂಭಾಗ ಕಂಡಿತು ನೋಡಿ. ಎರಡು ಕೊಂಬು ಹಳ್ಳಿಕಾರ್ ಎತ್ತಿನದರ ಹಾಗೆ ಹಿಂದಕ್ಕೆ ಬಾಗಿ ಮೇಲೆದ್ದಿವೆ. ಪ್ರತಿ ಕೊಂಬಿನ ನಡುವೆ ಕೆಂಪು ದೀಪ, ಒಂದರ ಕೆಳಗೆ ಒಂದು, ಬೆಂಕಿ ಉಗುಳುವ ರಾಕೆಟ್ಟಿನ ಹಾಗೆ. ನಾನು ಜೋರಾಗಿ "ಅಯ್ಯೋ, ಕೊಂಬು!" ಅಂದುಬಿಟ್ಟೆ. ಪಕ್ಕದವರೆಲ್ಲ ತಿರುಗಿ ನೋಡಿದರು.

ಬಂದದ್ದೆಲ್ಲ ಚೆಂದ ಅಂತಲ್ಲ. 1958ರ ಒಂದು ಬ್ಯೂಕ್ ಬಂತು, ಮುಂದಿನ ಗ್ರಿಲ್ಲಿನಲ್ಲಿ 160 ಸಣ್ಣ ಕ್ರೋಮ್ ಚೌಕಗಳಿವೆ ಅಂತ ಅಳಿಯ ಫೋನು ನೋಡಿ ಹೇಳಿದರು. ಪಾತ್ರೆ ಅಂಗಡಿಯನ್ನೇ ಮುಖಕ್ಕೆ ಕಟ್ಟಿದ ಹಾಗಿತ್ತು. ಹಳೇ ಶೆವರ್ಲೆಗೆ ಇಪ್ಪತ್ತು ಇಂಚಿನ ಹೊಸ ಅಲಾಯ್ ಚಕ್ರ ಹಾಕಿ, ಒಳಗೆ ಡಬ ಡಬ ಹಾಡು ಹಾಕಿಕೊಂಡು ಬಂದವರೂ ಇದ್ದರು. ಅಜ್ಜಿಗೆ ಜೀನ್ಸ್ ತೊಡಿಸಿದಂತೆ. ಅವರ ದುಡ್ಡು, ಅವರಿಷ್ಟ.

ಮಧ್ಯಾಹ್ನದ ಬಿಸಿಲಿಗೆ ನೆರಳು ಹುಡುಕುತ್ತ ಒಂದು ಖಾಲಿ ಜಾಗಕ್ಕೆ ಬಂದೆವು. ಅಲ್ಲೊಂದು ಬಿಳಿ ಹಸಿರು ಪ್ಲಿಮತ್ ನಿಂತಿತ್ತು, 1957ರದ್ದು. ಪಕ್ಕದಲ್ಲಿ ಮಡಚುವ ಕುರ್ಚಿಯಲ್ಲಿ ಒಬ್ಬ ಮುದುಕರು, ಅವರ ಹೆಂಡತಿ. ಮುದುಕಮ್ಮ ನಾವು ಕೇಳದೆಯೇ ಪೀಚ್ ಹಣ್ಣು ಕೊಟ್ಟರು. ಇಲ್ಲಿಯದೇ ಬೆಳೆ, ಇದೇ ಸೀಸನ್. ರಸ ಮೊಣಕೈವರೆಗೂ ಇಳಿಯಿತು.

ಭಾರತದವನ ಮೊದಲ ಪ್ರಶ್ನೆ ಯಾವುದು ಹೇಳಿ? ಮೈಲೇಜ್ ಎಷ್ಟು ಅಂತ ಕೇಳಿದೆ. ಗ್ಯಾಲನ್‌ಗೆ ಹನ್ನೆರಡು ಮೈಲಿ, ದೇವರು ಒಳ್ಳೆಯವನಾಗಿದ್ದರೆ, ಅಂದರು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಐದು ಕಿಲೋಮೀಟರ್. ನನ್ನ ಮುಖ ನೋಡಿ ನಕ್ಕರು.

ನಮ್ಮಲ್ಲೂ ಪ್ಲಿಮತ್ ಇತ್ತು, ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಡಾಡ್ಜ್, ಪ್ಲಿಮತ್ ಎಲ್ಲ ಜೋಡಿಸುತ್ತಿದ್ದರು ಅಂದೆ. ಅಲ್ಲಿಂದ ಮಾತು ಹತ್ತಿತು. ಎರಡೂವರೆ ಗಂಟೆ ನಾನು ಅಲ್ಲಿಂದ ಏಳಲಿಲ್ಲ. ಮಗಳು, ಅಳಿಯ ಐಸ್‌ಕ್ರೀಮ್ ತಿಂದು ಬಂದರು, ಇನ್ನೊಂದು ಸುತ್ತು ಹೋಗಿ ಬಂದರು. ನಾನು ಅಲ್ಲೇ.

ಆ ಮುದುಕರು ಜನರಲ್ ಮೋಟರ್ಸ್ (ಜಿಎಂ) ಕಂಪನಿಯಲ್ಲಿ ಮಣ್ಣಿನ ಕೆಲಸ ಮಾಡುತ್ತಿದ್ದವರು. ಕುಂಬಾರಿಕೆಯಲ್ಲ. ಹೊಸ ಕಾರಿನ ಆಕಾರವನ್ನು ಮೊದಲು ಮಣ್ಣಿನಲ್ಲಿ, ನಿಜವಾದ ಕಾರಿನ ಅಳತೆಗೇ ಮಾಡಿ ನೋಡುತ್ತಿದ್ದರು. ಹಾಲಿವುಡ್ಡಿನ ನಟರಿಗೆ ಕಾರಿನ ಮೈ ಕಟ್ಟಿಕೊಡುತ್ತಿದ್ದ ಹಾರ್ಲಿ ಅರ್ಲ್ ಅನ್ನುವವರು 1927ರಲ್ಲಿ ಜಿಎಂಗೆ ಬಂದು ಬೆಳೆಸಿದ ಪದ್ಧತಿ. ಮರದ ಚೌಕಟ್ಟಿನ ಮೇಲೆ, ಓವನ್‌ನಲ್ಲಿ ಬೆಚ್ಚಗೆ ಮಾಡಿದ ಕಂದು ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೆತ್ತಬೇಕು. ತಣ್ಣಗಾದ ಮೇಲೆ ಉಕ್ಕಿನ ಪಟ್ಟಿಯಿಂದ ಕೆರೆಯಬೇಕು. ಎಲ್ಲ ಮುಗಿದ ಮೇಲೆ ಬಣ್ಣದ ತೆಳು ಹಾಳೆ ಒದ್ದೆ ಮಾಡಿ ಹೊದಿಸಿದರೆ, ನಾಲ್ಕು ಹೆಜ್ಜೆ ದೂರದಿಂದ ಅದು ಮಣ್ಣು ಅಂತ ಯಾರೂ ಹೇಳಲಾರರು.

"ಹಾಗಿದ್ದರೆ ಆ ಕೊಂಬುಗಳನ್ನು ನೀವೇ ಮಾಡಿದಿರಾ?" ಅಂದೆ.

"ಇಲ್ಲ ಇಲ್ಲ. ನಾನು ಕತ್ತರಿಸಿದವನು."

ಕತೆ ಹೀಗಿದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅರ್ಲ್ ಮತ್ತು ಅವರ ಹುಡುಗರು ಡೆಟ್ರಾಯಿಟ್ ಹತ್ತಿರದ ಸೆಲ್‌ಫ್ರಿಜ್ ವಿಮಾನ ನೆಲೆಯಲ್ಲಿ ಪಿ-38 ಅನ್ನುವ ಎರಡು ಬಾಲದ ವಿಮಾನ ನೋಡಿದರು. ಜಿಎಂನದೇ ಕಾರಾದ 1948ರ ಕ್ಯಾಡಿಲಾಕ್‌ಗೆ ಅದೇ ಬಾಲದ ಮೊನೆ ಸಣ್ಣದಾಗಿ ಬಂತು. ಅಲ್ಲಿಂದ ಪೈಪೋಟಿ. 1957ಕ್ಕೆ ಎದುರಾಳಿ ಕಂಪನಿ ಕ್ರೈಸ್ಲರ್‌ನ ಡಿಸೈನರ್ ವರ್ಜಿಲ್ ಎಕ್ಸ್‌ನರ್ ಈ ಪ್ಲಿಮತ್ ತಂದರು, 'ಇದ್ದಕ್ಕಿದ್ದಂತೆ 1960 ಬಂತು' ಅಂತ ಜಾಹೀರಾತು. ಅದು ಅಂಗಡಿಗೆ ಬರುವ ಮುಂಚೆ, 1956ರ ಆಗಸ್ಟಿನಲ್ಲಿ, ಜಿಎಂನ ಯುವ ಡಿಸೈನರ್ ಚಕ್ ಜೋರ್ಡನ್ ಮೌಂಡ್ ರಸ್ತೆಯಲ್ಲಿ ಹೋಗುತ್ತ ಕ್ರೈಸ್ಲರ್‌ನವರ ಬೇಲಿಯ ಸಂದಿಯಿಂದ ಇಣುಕಿದರಂತೆ. ಸಾಲು ಸಾಲು ಪ್ಲಿಮತ್, ತೆಳ್ಳಗೆ, ತಗ್ಗಾಗಿ, ಕೊಂಬೆತ್ತಿಕೊಂಡು. ಆಫೀಸಿಗೆ ಓಡಿ ಬಂದು ಹೇಳಿದರು. ಅರ್ಲ್ ಆಗ ಯೂರೋಪಿನಲ್ಲಿದ್ದರು. ಕೆಳಗಿನವರು 1959ಕ್ಕೆಂದು ಮಾಡಿಟ್ಟಿದ್ದ ದಪ್ಪ ದಪ್ಪ ಮಾದರಿ ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಿದರು. ನಾನು ಬೆಳಿಗ್ಗೆ ನೋಡಿ ಕೂಗಿದ ಗುಲಾಬಿ ಕ್ಯಾಡಿಲಾಕ್ ಹುಟ್ಟಿದ್ದು ಆ ಬೇಲಿಯ ಸಂದಿಯಿಂದ.

"ನಮ್ಮ ಆಫೀಸನ್ನು ಹೆದರಿಸಿದ ಕಾರು ಇದು. ಅದಕ್ಕೇ ಕೊಂಡೆ" ಅಂದರು ಮುದುಕರು. ಮುದುಕಮ್ಮ, "ನೆಲವೆಲ್ಲ ತುಕ್ಕು ಹಿಡಿದಿತ್ತು, ಅದನ್ನೂ ಹೇಳಿ" ಅಂದರು. ನಿಜವಂತೆ. ಆ ವರ್ಷದ ಕಾರುಗಳನ್ನು ಅವಸರದಲ್ಲಿ ಮಾರಾಟಕ್ಕೆ ತಂದಿದ್ದರು, ಬೇಗ ತುಕ್ಕು ಹಿಡಿಯುತ್ತಿದ್ದವು. ಕೊಂಬಿದ್ದರೆ ಅಡ್ಡಗಾಳಿಗೆ ಕಾರು ಅಲುಗಾಡುವುದಿಲ್ಲ ಅಂತ ಕಂಪನಿ ಹೇಳಿತ್ತಲ್ಲ ಅಂತ ಅಳಿಯ ಕೇಳಿದ್ದಕ್ಕೆ, "ಮಾರಬೇಕಾದವರು ಏನಾದರೂ ಹೇಳಲೇಬೇಕಲ್ಲ" ಅಂತ ಮುದುಕರು ಪೀಚ್ ಬೀಜ ಉಗುಳಿದರು.

ಅವರು ಕೆಲಸಕ್ಕೆ ಸೇರಿದ್ದು 1961ರಲ್ಲಿ, ಹತ್ತೊಂಬತ್ತರ ಹುಡುಗ. ಅಷ್ಟು ಹೊತ್ತಿಗೆ ಜನಕ್ಕೆ ಕೊಂಬು ಸಾಕಾಗಿತ್ತು. ಕ್ಯಾಡಿಲಾಕ್ ಕೊಂಬು ಒಮ್ಮೆಲೇ ತೆಗೆದರೆ ಹಳೇ ಗಿರಾಕಿಗಳಿಗೆ ಬೇಜಾರು. ಹಾಗಾಗಿ ವರ್ಷಕ್ಕೆ ಇಷ್ಟಿಷ್ಟೇ ತಗ್ಗಿಸುವುದು. "ನನ್ನ ಮೊದಲ ಕೆಲಸ ಕೆರೆಯುವುದು. ಈ ವರ್ಷ ಸ್ವಲ್ಪ. ಬರುವ ವರ್ಷ ಇನ್ನೂ ಸ್ವಲ್ಪ." 1964ರದ್ದೇ ಕೊನೆಯ ಕೊಂಬು. 1965ಕ್ಕೆ ಬೋಳು.

ಆಗ ನಾನು ಫೋನು ತೆಗೆದು ಅಪ್ಪನ ಗಾಡಿಯ ಫೋಟೊ ತೋರಿಸಿದೆ. ಇರುವುದು ಅದೊಂದೇ. ಕಪ್ಪು ಬಿಳುಪು, ಒಂಬತ್ತು ವರ್ಷದ ನಾನು ಚಡ್ಡಿ ಹಾಕಿಕೊಂಡು ಡಿಕ್ಕಿಗೆ ಒರಗಿ ನಿಂತಿದ್ದೇನೆ. ಅವರು ಕನ್ನಡಕ ಹಣೆಗೇರಿಸಿ, ಹೆಬ್ಬೆರಳಿನಿಂದ ಫೋಟೊ ದೊಡ್ಡದು ಮಾಡಿದರು. ನನ್ನ ಮುಖ ಬಿಟ್ಟು ನೇರ ಕೊಂಬಿಗೆ ಹೋದರು.

"ಕೈ ಅಡ್ಡ ಇಟ್ಟುಬಿಟ್ಟಿದ್ದೀರಿ."

ಹೌದು, ನಾನು ಕೊಂಬು ಹಿಡಿದುಕೊಂಡಿದ್ದೆ. ಇನ್ನೊಂದು ಬದಿಯದು ಕಂಡಿತು. ಇದು ಯಾವ ವರ್ಷದ್ದು ಅಂತ ಕೇಳಿದರು. ಡಿಲೈಟ್ ಬಂದದ್ದು 1964ರಲ್ಲಿ ಅಂದೆ. ಎಷ್ಟು ವರ್ಷ ಮಾಡಿದರು? 2000ದ ಸುಮಾರಿನವರೆಗೂ ಅಂದೆ. ಕೊಂಬಿನ ಸಮೇತವಾ? ಸಮೇತ. ಅವರು ಹೆಂಡತಿಯ ಕಡೆ ತಿರುಗಿ, "ಕೇಳಿಸ್ತಾ? ನಾನು ಇಲ್ಲಿ ಕೆರೆದು ಕೆರೆದು ಮುಗಿಸಿದೆ. ಇವರು ಅಲ್ಲಿ ಇನ್ನೂ ಮೂವತ್ತಾರು ವರ್ಷ ಇಟ್ಟುಕೊಂಡರು!" ಅಂತ ತೊಡೆ ತಟ್ಟಿ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆಮೇಲೆ ನನ್ನನ್ನು ಎಬ್ಬಿಸಿ ಕಾರಿನ ಹತ್ತಿರ ಕರೆದುಕೊಂಡು ಹೋದರು. ಕಣ್ಣು ಮುಚ್ಚಿ ಅಂದರು. ಅಂಗೈ ಚಪ್ಪಟೆ ಇಟ್ಟು, ಬಾಗಿಲಿನಿಂದ ಕೊಂಬಿನ ತುದಿವರೆಗೆ ನಿಧಾನಕ್ಕೆ ಎಳೆಯಿರಿ. ಬಿಸಿಲಿಗೆ ತಗಡು ಬಿಸಿಯಾಗಿತ್ತು. ಒಂದೇ ಗೆರೆ ಎಳೆದ ಹಾಗೆ ಏರುತ್ತ ಹೋಯಿತು. ಹಿಂದಿನ ಚಕ್ರದ ಮೇಲೆ ಬಂದಾಗ ಏನೋ ಒಂಚೂರು, ಉಗುರಿನ ದಪ್ಪ, ತಗ್ಗು ಅನ್ನಿಸಿತು. ನಿಂತೆ. "ಅಲ್ಲೇ ಮೆತ್ತಿದ್ದು" ಅಂದರು ಖುಷಿಯಾಗಿ. ಕಣ್ಣು ಬಿಟ್ಟು ನೋಡಿದೆ, ಏನೂ ಕಾಣಲಿಲ್ಲ. ಕಣ್ಣು ಬಣ್ಣ ನೋಡಿ ಮೋಸ ಹೋಗುತ್ತೆ, ಕೈ ಹೋಗಲ್ಲ ಅಂದರು. ಮೂವತ್ತು ವರ್ಷಕ್ಕೂ ಮೇಲೆ ದಿನಾ ಹಾಗೆ ಸವರಿದ ಕೈ ಅದು. ಬೆರಳ ತುದಿ ಚಪ್ಪಟೆಯಾಗಿದ್ದವು.

ಮಾರನೇ ದಿನ ಡಿಯರ್‌ಬಾರ್ನ್‌ನಲ್ಲಿ ಹೆನ್ರಿ ಫೋರ್ಡ್ ಮ್ಯೂಸಿಯಂ. ಬಿಳಿಯರಿಗೆ ಸೀಟು ಬಿಟ್ಟುಕೊಡಲ್ಲ ಅಂದ ಕಪ್ಪು ಹೆಣ್ಣುಮಗಳು ರೋಸಾ ಪಾರ್ಕ್ಸ್ ಕೂತಿದ್ದ ಬಸ್ಸಿನ ಒಳಗೆ ಹೋಗಿ ಕೂತು ಬಂದೆ. ಅದೊಂದನ್ನು ತಪ್ಪಿಸಬೇಡಿ.

ಈಗ ಶನಿವಾರ ರಾತ್ರಿಯ ವಿಷಯ. ಹೇಳದಿದ್ದರೆ ಹೊಟ್ಟೆಯುರಿ ಹೋಗಲ್ಲ. ಅಳಿಯ ಒಂದು ಅಂಗಡಿಯ ಹಿಂದೆ ಕಾರು ನಿಲ್ಲಿಸಿದ್ದರು. ಇನ್ನೂ ಹತ್ತು ಕಾರು ನಿಂತಿದ್ದವು, ನಂಬಿದೆವು. ಗಿಡದ ಹಿಂದೆ ಒಂದು ಬೋರ್ಡ್ ಇತ್ತಂತೆ. ಸಂಜೆ ಬಂದು ನೋಡಿದರೆ ಕಾರು ಇಲ್ಲ. ಎಳೆದುಕೊಂಡು ಹೋಗಿದ್ದರು. 285 ಡಾಲರ್! ರೂಪಾಯಿಗೆ ಬದಲಿಸಿ ನೋಡಬೇಡಿ ಅಪ್ಪಾ ಅಂದಳು ಮಗಳು, ನಾನಾಗಲೇ ಬದಲಿಸಿಯಾಗಿತ್ತು. ಹೋಗುವವರು ಕೇಳಿ. ಖಾಸಗಿ ಜಾಗದಲ್ಲಿ ಬೋರ್ಡ್ ಹುಡುಕದೆ ನಿಲ್ಲಿಸಬೇಡಿ. ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ದುಡ್ಡು ಕೊಟ್ಟು ನಿಲ್ಲಿಸುವ ಬಹುಮಹಡಿ ಪಾರ್ಕಿಂಗ್ ಇದೆ, ಅಲ್ಲಿಗೇ ಬೆಳಿಗ್ಗೆ ಬೇಗ ಹೋಗಿ. ಇಲ್ಲಾ, ಶನಿವಾರವೇ ಬೇಡ. ಅದೇ ವಾರದ ಬುಧವಾರ, ಗುರುವಾರ ಸಂಜೆಯೂ ಇವೇ ಕಾರುಗಳು ಓಡಾಡುತ್ತವೆ, ಜನ ಕಡಿಮೆ. ಟೋಪಿ, ನೀರು, ಕುರ್ಚಿ ನಿಮ್ಮದೇ ಇರಲಿ.

ರಾತ್ರಿ ಹತ್ತೂವರೆಗೆ ಊರಾಚೆಯ ಒಂದು ಯಾರ್ಡ್‌ಗೆ ಹೋದೆವು. ತಂತಿ ಬೇಲಿ, ಒಂದೇ ದೀಪ. ಅಳಿಯ ಕಿಟಕಿಯಲ್ಲಿ ದುಡ್ಡು ಕಟ್ಟುತ್ತಿದ್ದರು. ಅವರ ಬಿಳಿ ಎಸ್‌ಯುವಿ ಮೂಲೆಯಲ್ಲಿ ನಿಂತಿತ್ತು, ಅಲ್ಲಿರುವ ಬೇರೆ ಬಿಳಿ ಎಸ್‌ಯುವಿಗಳ ಹಾಗೇ. ನಾನು ಸುಮ್ನೆ ಕಣ್ಣು ಮುಚ್ಚಿ ಅಂಗೈ ಇಟ್ಟು ಮುಂದಿನಿಂದ ಹಿಂದಕ್ಕೆ ಎಳೆದೆ.

"ಅಪ್ಪಾ, ಏನ್ಮಾಡ್ತಿದ್ದೀರಿ?" ಅಂದಳು ಮಗಳು.

ಹಿಂದಿನ ಬಾಗಿಲಿನ ಕೆಳಗೆ ಒಂದು ತಗ್ಗು ಸಿಕ್ಕಿತು. ಎಳೆಯುವಾಗ ಆದದ್ದೋ, ಮೊದಲೇ ಇತ್ತೋ. ಅಳಿಯ ರಸೀದಿ ಮಡಚಿಕೊಂಡು ಬರುತ್ತಿದ್ದರು. ಮುಖ ನೋಡಿದೆ. ಬೆಳಿಗ್ಗೆ ಹೇಳಿದರಾಯಿತು ಅಂತ ಕೈ ತೆಗೆದೆ.