ರಾಜನ ತಲೆ ತೆಗೆದವರು ಚಕ್ರವರ್ತಿಯನ್ನು ಯಾಕೆ ಒಪ್ಪಿಕೊಂಡರು?

ಫ್ರಾನ್ಸಿನ ಕ್ರಾಂತಿಯ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. "1793ರಲ್ಲಿ ಹದಿನಾರನೇ ಲೂಯಿಯ ತಲೆ ಕಡಿದರು. 1804ರಲ್ಲಿ ನೆಪೋಲಿಯನ್‌ನನ್ನು ಚಕ್ರವರ್ತಿ ಮಾಡಿದರು. ಇಷ್ಟಕ್ಕೆ ಅಷ್ಟೆಲ್ಲ ರಕ್ತ ಹರಿಸಬೇಕಿತ್ತಾ?" ಫ್ರೆಂಚರು ಪೆದ್ದರು ಅನ್ನುವ ಧಾಟಿ ಅದು. ನನಗೆ ಹಾಗನ್ನಿಸುವುದಿಲ್ಲ. ಅವರು ಲೆಕ್ಕ ಹಾಕಿಯೇ ಒಪ್ಪಿಕೊಂಡರು.

ಲೆಕ್ಕ ಜಮೀನಿನದು. 1788ರ ಆಗಸ್ಟಿನಲ್ಲಿ ಫ್ರಾನ್ಸಿನ ಖಜಾನೆ ಸಾಲ ತೀರಿಸಲಾಗದೆ ಕೈಚೆಲ್ಲಿತು. (ನಮ್ಮ ಟಿಪ್ಪುವಿನ ರಾಯಭಾರಿಗಳು ವರ್ಸಾಯ್ ಅರಮನೆಯಲ್ಲಿ ಲೂಯಿಯನ್ನು ಕಂಡದ್ದೂ ಅದೇ ತಿಂಗಳು. ಕೇಳಿದ ಸೈನ್ಯ ಸಿಗಲಿಲ್ಲ. ಎಲ್ಲಿಂದ ಕೊಡುತ್ತಾನೆ?) ಮರುವರ್ಷ ನವೆಂಬರಿನಲ್ಲಿ ಕ್ರಾಂತಿಯ ಸಭೆ ಚರ್ಚಿನ ಆಸ್ತಿಯನ್ನೆಲ್ಲ ದೇಶದ ಸ್ವತ್ತು ಎಂದು ಘೋಷಿಸಿ ಹರಾಜಿಗೆ ಹಾಕಿತು. ಹೊಲ, ದ್ರಾಕ್ಷಿ ತೋಟ, ಕಟ್ಟಡ ಎಲ್ಲ ಹೋಯಿತು. ದೇಶ ಬಿಟ್ಟು ಓಡಿದ ಶ್ರೀಮಂತರ ಭೂಮಿಯೂ ಆಮೇಲೆ ಅದಕ್ಕೆ ಸೇರಿತು. ಕೊಂಡವರಲ್ಲಿ ವಕೀಲರು, ವರ್ತಕರು, ಅನುಕೂಲಸ್ಥ ರೈತರು ಜಾಸ್ತಿ. ಕೂಲಿಯವನಿಗೆ ಸಿಕ್ಕಿದ್ದು ಕಡಿಮೆ, ಹರಾಜು ಅಂದರೆ ಹಾಗೇ ಅಲ್ವಾ. ಆದರೆ ಏನೂ ಕೊಳ್ಳದ ರೈತನಿಗೂ ಧಣಿಗೆ ಸಲ್ಲಿಸುವ ಕಪ್ಪ, ಚರ್ಚಿಗೆ ಅಳೆದುಕೊಡುವ ದವಸ ತಪ್ಪಿತು.

ಹಳೇ ರಾಜಮನೆತನ ಮರಳಿ ಬಂದರೆ? 1795ರಲ್ಲಿ ಲೂಯಿಯ ತಮ್ಮ ವೆರೋನಾದಲ್ಲಿ ಕೂತು ಒಂದು ಪ್ರಕಟಣೆ ಹೊರಡಿಸಿದ. ಹಳೇ ವ್ಯವಸ್ಥೆಯನ್ನೇ ತರುತ್ತೇನೆ, ಅಣ್ಣನನ್ನು ಕೊಂದವರನ್ನು ಸುಮ್ನೆ ಬಿಡುವುದಿಲ್ಲ ಅಂದ. ಹೊಲ ಕೊಂಡವರಿಗೆ ನಿದ್ದೆ ಹೇಗೆ ಬರಬೇಕು? ಇತ್ತ ಗಣರಾಜ್ಯವನ್ನು ನಂಬೋಣ ಅಂದರೆ ಅದರ ನೋಟು ರದ್ದಿ ಕಾಗದವಾಗಿತ್ತು. ಚುನಾವಣೆಯ ಫಲಿತಾಂಶ ಹಿಡಿಸದಿದ್ದರೆ ಸರ್ಕಾರವೇ ಅದನ್ನು ರದ್ದು ಮಾಡುತ್ತಿತ್ತು.

ನೋತ್ರದಾಮ್ ಚರ್ಚಿನಲ್ಲಿ ಪೋಪ್ ಎದುರಿಗಿದ್ದರೂ ನೆಪೋಲಿಯನ್ ಕಿರೀಟವನ್ನು ತಾನೇ ತಲೆಗಿಟ್ಟುಕೊಂಡ, ಈ ಕಥೆ ಎಲ್ಲರಿಗೂ ಗೊತ್ತು. ನಾನು ಹೇಳುವುದು ಅವತ್ತು ಅವನು ಮಾಡಿದ ಪ್ರಮಾಣ ನೋಡಿ ಅಂತ. ಸಮಾನ ಹಕ್ಕುಗಳನ್ನು ಕಾಪಾಡುತ್ತೇನೆ ಅನ್ನುವುದರ ಜೊತೆಗೇ, ರಾಷ್ಟ್ರದ ಸ್ವತ್ತಿನ ಮಾರಾಟವನ್ನು ಯಾರೂ ಹಿಂದಕ್ಕೆ ಪಡೆಯುವಂತಿಲ್ಲ ಅಂತಲೂ ಅದರಲ್ಲಿದೆ. ಪಟ್ಟಾಭಿಷೇಕದಲ್ಲಿ ಜಮೀನಿನ ಕ್ರಯಪತ್ರದ ಮಾತು! 1801ರ ಒಪ್ಪಂದದಲ್ಲಿ ಪೋಪ್‌ನಿಂದಲೂ ಇದಕ್ಕೆ ಒಪ್ಪಿಗೆ ಪಡೆದಾಗಿತ್ತು. ಚಕ್ರವರ್ತಿ ಪದವಿಯ ಪರವಾಗಿ 35 ಲಕ್ಷಕ್ಕೂ ಹೆಚ್ಚು ಮತ, ವಿರುದ್ಧ ಸುಮಾರು 2,500. ಎಲ್ಲರ ಕಣ್ಣೆದುರು ಪುಸ್ತಕದಲ್ಲಿ ಸಹಿ ಹಾಕುವ ಮತದಾನ ಅದು, ಹಾಗಾಗಿ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಬೆಂಬಲ ಇದ್ದದ್ದು ನಿಜ.

ಇನ್ನು ಕೆಲವರು, ಒಳ್ಳೇ ರಾಜನಿದ್ದಿದ್ದರೆ ಕ್ರಾಂತಿಯೇ ಬೇಕಿರಲಿಲ್ಲ ಅನ್ನುತ್ತಾರೆ. ಲೂಯಿಯ ಭಾವಮೈದುನ, ಆಸ್ಟ್ರಿಯಾದ ಎರಡನೇ ಜೋಸೆಫ್ ಅಂಥವನೇ. 1781ರಲ್ಲಿ ಜೀತದ ಕಟ್ಟು ಬಿಚ್ಚಿದ, ಬೇರೆ ಪಂಥದವರಿಗೆ ಪೂಜೆಯ ಸ್ವಾತಂತ್ರ್ಯ ಕೊಟ್ಟ. ಜನರನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ. ಮರ ಉಳಿಸಲು 1784ರಲ್ಲಿ ಒಂದು ಆಜ್ಞೆ ತಂದ. ಹೆಣವನ್ನು ಚೀಲದಲ್ಲಿ ಹೊಲಿಯಬೇಕು, ತಳ ತೆರೆಯುವ ಶವಪೆಟ್ಟಿಗೆಯಿಂದ ಗುಂಡಿಗೆ ಇಳಿಸಬೇಕು, ಪೆಟ್ಟಿಗೆಯನ್ನು ಮತ್ತೆ ಮತ್ತೆ ಬಳಸಬೇಕು! ಜನ ರೊಚ್ಚಿಗೆದ್ದರು, ಆಜ್ಞೆ ಹಿಂದಕ್ಕೆ ಹೋಯಿತು. 1790ರಲ್ಲಿ ಸಾಯುವ ಮುಂಚೆ ಹಂಗೇರಿಗೆ ತಂದ ಸುಧಾರಣೆಗಳಲ್ಲಿ ಬಹುಪಾಲನ್ನು ತಾನೇ ವಾಪಸ್ ಪಡೆದ. ರಾಜ ಕೊಟ್ಟದ್ದನ್ನು ರಾಜನೇ ಕಿತ್ತುಕೊಳ್ಳಬಹುದಿತ್ತು. ಫ್ರಾನ್ಸಿನ ರೈತನ ಹತ್ತಿರ ಪತ್ರ ಇತ್ತು.

ಹಾಗಂತ ನೆಪೋಲಿಯನ್ನನ್ನು ಹೊಗಳುತ್ತಿಲ್ಲ. 1802ರಲ್ಲಿ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಮತ್ತೆ ತಂದವನು ಅವನೇ. ಅವನ ಕಾನೂನು ಹೆಂಡತಿ ಗಂಡನ ಮಾತು ಕೇಳಬೇಕು ಅಂತ ಬರೆಯಿತು. ಜಮೀನು ಉಳಿಸಿಕೊಂಡ ರೈತ ಮಗನನ್ನು ಯುದ್ಧಕ್ಕೆ ಕೊಡಬೇಕಾಯಿತು.

1814ರಲ್ಲಿ ಅವನು ಸೋತು ಹೋದ. ವೆರೋನಾದಲ್ಲಿ ಗುಡುಗಿದ್ದ ಆ ತಮ್ಮ ಹದಿನೆಂಟನೇ ಲೂಯಿಯಾಗಿ ಸಿಂಹಾಸನಕ್ಕೆ ಬಂದ. ಅವನು ಹೊರಡಿಸಿದ ಸನ್ನದಿನ 9ನೇ ವಿಧಿ ಹೇಳುವುದು ಇಷ್ಟು: ಎಲ್ಲ ಆಸ್ತಿಯೂ ಅದರ ಮಾಲೀಕನದೇ, ರಾಷ್ಟ್ರದ ಸ್ವತ್ತು ಎಂದು ಮಾರಿದ್ದೂ ಸೇರಿ.